ಸಾಸಿನ ಸೀಸೆಯಲ್ಲಿ ಟೊಮ್ಯಾಟೊ ಎಷ್ಟು?

ಟೊಮ್ಯಾಟೊ ಬೆಳೆಯುವ ರೈತನೇ ಟೊಮ್ಯಾಟೊ ಸಾಸನ್ನು ಅಂಗಡಿಯಿಂದ ಕೊಂಡು ತರುವ ಕಾಲವಿದು. ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ಕಿರಾಣಿ ಅಂಗಡಿಗಳಲ್ಲಿಯೂ ಸಾಸಿನ ಸೀಸೆಗಳು ಸಾಲಾಗಿ ನಿಂತಿರುತ್ತವೆ. ಶ್ರೀರಂಗಪಟ್ಟಣದವರಿಗಂತೂ ಮೈಸೂರಿನ ಸೂಪರ್ ಮಾರ್ಕೆಟ್ಟುಗಳು ಹತ್ತಿರವೇ ಇವೆ. ಅಲ್ಲಿ ಕೆಚಪ್ಪಿನ ಪಕ್ಕದಲ್ಲಿಯೇ ಪಾಸ್ತಾ ಸಾಸ್ ಎಂಬ ಹೆಸರಿನ ಗಾಜಿನ ಭರಣಿಗಳೂ ದೊರೆಯುತ್ತವೆ. ಮಕ್ಕಳು ಕೇಳುತ್ತಾರೆ, ಮನೆಯವರು ತರುತ್ತಾರೆ. ಇದರಲ್ಲಿ ದೂಷಿಸಬೇಕಾದುದೇನೂ ಇಲ್ಲ.

ಆದರೆ ಕೊಳ್ಳುವ ರೀತಿಯ ಬಗ್ಗೆ ಹೇಳತಕ್ಕ ಮಾತು ಬಹಳವಿದೆ. ಒಂದು ಕ್ರೇಟು ಹಣ್ಣನ್ನು ಕಣ್ಣಿನಿಂದ ನೋಡಿಯೇ ಇದು ಎಷ್ಟನೆಯ ಕೊಯ್ಲಿನದು, ಎಷ್ಟು ದಿನ ತಡೆಯುತ್ತದೆ ಎಂದು ಹೇಳಬಲ್ಲ ಬೇಸಾಯಗಾರರು ನಮ್ಮಲ್ಲಿದ್ದಾರೆ. ಅದೇ ಬೇಸಾಯಗಾರರು ಸಾಸಿನ ಸಾಲಿನ ಮುಂದೆ ನಿಂತಾಗ ಸೀಸೆಯ ಕೆಂಪು ಬಣ್ಣವನ್ನೂ, 'ಒಂದು ಕೊಂಡರೆ ಒಂದು ಉಚಿತ' ಎಂಬ ಚೀಟಿಯನ್ನೂ ನೋಡಿ ಬುಟ್ಟಿಗೆ ಹಾಕಿಕೊಳ್ಳುತ್ತಾರೆ. ಸೀಸೆಯನ್ನು ತಿರುಗಿಸಿ ನೋಡುವವರು ಅಪರೂಪ. ಟೊಮ್ಯಾಟೊ ಸಾಸನ್ನು ಕೊಳ್ಳುವಾಗ ಮೊದಲು ಕೇಳಬೇಕಾದ ಪ್ರಶ್ನೆ ಅದರ ರುಚಿಯನ್ನು ಕುರಿತದ್ದಲ್ಲ, ಬೆಲೆಯನ್ನು ಕುರಿತದ್ದೂ ಅಲ್ಲ. ಅದರಲ್ಲಿ ಟೊಮ್ಯಾಟೊ ಎಷ್ಟಿದೆ ಎಂಬುದೇ ಆ ಪ್ರಶ್ನೆ ಎಂದು ನನ್ನ ಖಚಿತವಾದ ಅಭಿಪ್ರಾಯ.

ಬ್ರಿಕ್ಸ್ ಲೆಕ್ಕ

ನಮ್ಮ ಸೀಮೆಯ ಕಬ್ಬು ಬೆಳೆಗಾರರಿಗೆ ಬ್ರಿಕ್ಸ್ ಎಂಬ ಮಾತು ಹೊಸದಲ್ಲ. ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಆರಂಭವಾದದ್ದು 1933ರಲ್ಲಿ. ಅಂದಿನಿಂದ ಕಬ್ಬಿನ ಹಾಲಿನ ಸಾರವನ್ನು ಅಳೆಯುವುದನ್ನು ಕಾಣುತ್ತಲೇ ಬಂದಿದ್ದೇವೆ. ರಸದ ಒಂದು ಹನಿಯನ್ನು ಕೈ ಯಂತ್ರದ ಗಾಜಿನ ಮೇಲೆ ಹಾಕಿ ಬೆಳಕಿಗೆ ಹಿಡಿದರೆ, ಆ ರಸದಲ್ಲಿ ಕರಗಿರುವ ಘನಪದಾರ್ಥ ನೂರಕ್ಕೆ ಎಷ್ಟು ಎಂಬುದು ತಿಳಿಯುತ್ತದೆ. ಮಾಗಿದ ಕಬ್ಬಿನಲ್ಲಿ ಅದು 18ರಿಂದ 20ರವರೆಗೆ ಇರುತ್ತದೆ. ಟೊಮ್ಯಾಟೊ ಹಣ್ಣಿನಲ್ಲಿ 4ರಿಂದ 5 ಮಾತ್ರ. ಉಳಿದುದೆಲ್ಲ ಬಹುಮಟ್ಟಿಗೆ ನೀರು.

ಕಾರ್ಖಾನೆಯವರು ಹಣ್ಣಿನ ತಿರುಳನ್ನು ಸೋಸಿ, ನೀರನ್ನು ಆವಿಯಾಗಿಸಿ, ಸುಮಾರು 28 ಬ್ರಿಕ್ಸಿನವರೆಗೆ ಗಟ್ಟಿ ಮಾಡುತ್ತಾರೆ. ಇದಕ್ಕೆ ಟೊಮ್ಯಾಟೊ ಪೇಸ್ಟ್ ಎಂದು ಹೆಸರು. ನಾಲ್ಕೂವರೆ ಬ್ರಿಕ್ಸಿನ ಹಣ್ಣಾದರೆ ಒಂದು ಕಿಲೋ ಪೇಸ್ಟಿಗೆ ಆರು ಕಿಲೋಗೂ ಮೇಲ್ಪಟ್ಟು ಹಣ್ಣು ಬೇಕಾಗುತ್ತದೆ. ಮಾರುಕಟ್ಟೆಯಲ್ಲಿ ದೊರೆಯುವ ಹೆಚ್ಚಿನ ಕೆಚಪ್ ತಯಾರಾಗುವುದು ಈ ಪೇಸ್ಟಿಗೆ ನೀರು, ಸಕ್ಕರೆ, ಉಪ್ಪು, ವಿನೆಗರ್, ಮಸಾಲೆ ಸೇರಿಸಿಯೇ. ಇದು ಕಾಯ್ದೆಗೆ ಒಪ್ಪಿಗೆಯಾದ ಕ್ರಮವೇ ಹೊರತು ಮೋಸವಲ್ಲ.

ಈಗ ನಿಯಮದ ಕಡೆಗೆ ಬರೋಣ. ಟೊಮ್ಯಾಟೊ ಕೆಚಪ್ ಅಥವಾ ಟೊಮ್ಯಾಟೊ ಸಾಸ್ ಎಂದು ಕರೆಸಿಕೊಳ್ಳಬೇಕಾದರೆ ಅದರಲ್ಲಿ ಕರಗಿದ ಘನಪದಾರ್ಥ ಶೇಕಡ 25ಕ್ಕೆ ಕಡಿಮೆ ಇರಬಾರದು. 1955ರ ಹಣ್ಣಿನ ಉತ್ಪನ್ನಗಳ ಆಜ್ಞೆಯ ಕಾಲದಿಂದ ಬಂದಿರುವ ಈ ಅಂಕಿ, 2006ರ ಆಹಾರ ಸುರಕ್ಷತಾ ಕಾಯ್ದೆಯ ಕೆಳಗೆ ಮಾಡಿದ ನಿಯಮಗಳಲ್ಲಿಯೂ ಉಳಿದುಕೊಂಡಿದೆ. ಕೇಳುವುದಕ್ಕೆ ಕಟ್ಟುನಿಟ್ಟಾಗಿಯೇ ಇದೆ. ಆದರೆ ಬ್ರಿಕ್ಸ್ ಯಂತ್ರಕ್ಕೆ ಟೊಮ್ಯಾಟೊ ಯಾವುದು, ಸಕ್ಕರೆ ಯಾವುದು ಎಂಬ ಭೇದ ತಿಳಿಯದು. ಕರಗಿದ್ದೆಲ್ಲವೂ ಲೆಕ್ಕಕ್ಕೆ ಬರುತ್ತದೆ. ಹೀಗಾಗಿ ಟೊಮ್ಯಾಟೊ ಕಡಿಮೆ ಹಾಕಿ ಸಕ್ಕರೆ ಹೆಚ್ಚು ಹಾಕಿದರೂ 25ರ ಗೆರೆಯನ್ನು ದಾಟಬಹುದು.

ಒಂದು ಉದಾಹರಣೆ ಕಟ್ಟಿ ನೋಡೋಣ. ಒಂದು ಸೀಸೆಯ ಹಿಂದೆ ಟೊಮ್ಯಾಟೊ ಪೇಸ್ಟ್ ಶೇಕಡ 28 ಎಂದು ಬರೆದಿದೆಯೆನ್ನಿ. ಒಂದು ಕಿಲೋ ಸಾಸಿನಲ್ಲಿ ಪೇಸ್ಟು 280 ಗ್ರಾಂ ಆಯಿತು, ಅಂದರೆ ಸುಮಾರು ಒಂದೂಮುಕ್ಕಾಲು ಕಿಲೋ ಹಣ್ಣು. ಇನ್ನೊಂದು ಸೀಸೆಯಲ್ಲಿ ಪೇಸ್ಟು ಶೇಕಡ 10 ಮಾತ್ರ. ಅದರಲ್ಲಿರುವ ಹಣ್ಣು ಆರುನೂರು ಗ್ರಾಮಿನ ಆಸುಪಾಸು. ಎರಡೂ ಕೆಂಪಗೇ ಇರುತ್ತವೆ, ಎರಡರ ಮೇಲೂ ಇಬ್ಬನಿ ಹೊದ್ದ ಹಣ್ಣಿನ ಚಿತ್ರವಿರುತ್ತದೆ, ಎರಡೂ ನಿಯಮದೊಳಗೇ ಇರಬಹುದು. ತೋಟದಲ್ಲಿ ಹಣ್ಣಿಗೆ ಕಿಲೋ ಒಂದಕ್ಕೆ 10 ರೂಪಾಯಿ ಸಿಕ್ಕಿತೆಂದು ಇಟ್ಟುಕೊಂಡರೆ, ಮೊದಲನೆಯದರಲ್ಲಿ ಇರುವ ಹಣ್ಣಿನ ಬೆಲೆ ಹದಿನೇಳು ರೂಪಾಯಿ ಚಿಲ್ಲರೆ, ಎರಡನೆಯದರಲ್ಲಿ ಆರು ರೂಪಾಯಿ. ಒಳ್ಳೆಯ ಸಾಸಿಗೂ ಸಾಧಾರಣ ಸಾಸಿಗೂ ನಡುವಣ ಹಣ್ಣಿನ ವ್ಯತ್ಯಾಸ ಹನ್ನೊಂದೇ ರೂಪಾಯಿ! ಎರಡನೆಯ ಸೀಸೆಯಲ್ಲಿ ಟೊಮ್ಯಾಟೊಗಿಂತ ನಮ್ಮ ಮಂಡ್ಯದ ಕಬ್ಬಿನ ಬೆಳೆಯೇ ಹೆಚ್ಚಾಗಿದೆ ಎಂದು ಕಬ್ಬಿನವರು ಬೇಕಾದರೆ ಸಂತೋಷಪಡಬಹುದು.

ಮುಂಬದಿಯ ಹೆಸರು

ಸಾಸ್ ತೆಳ್ಳಗಿರುತ್ತದೆ, ಕೆಚಪ್ ಗಟ್ಟಿಯಾಗಿರುತ್ತದೆ ಎಂಬ ನಂಬಿಕೆ ಹಲವರಲ್ಲಿದೆ. ನಮ್ಮ ದೇಶದ ನಿಯಮದಲ್ಲಿ ಟೊಮ್ಯಾಟೊ ಕೆಚಪ್ಪಿಗೂ ಟೊಮ್ಯಾಟೊ ಸಾಸಿಗೂ ಒಂದೇ ಗುಣಮಟ್ಟ. ಆದುದರಿಂದ ಆ ಎರಡರಲ್ಲಿ ಯಾವುದೆಂದು ತಲೆ ಕೆಡಿಸಿಕೊಳ್ಳಬೇಕಾದುದಿಲ್ಲ. ನೋಡಬೇಕಾದುದು 'ಟೊಮ್ಯಾಟೊ' ಎಂಬ ಪದ ಹೆಸರಿನಲ್ಲಿ ಇದೆಯೋ ಇಲ್ಲವೋ ಎಂಬುದನ್ನು. ಟೊಮ್ಯಾಟೊ ಅಲ್ಲದ ಇತರ ಹಣ್ಣು ತರಕಾರಿಗಳ ಸಾಸಿಗೆ ನಿಯಮದಲ್ಲಿ ಬೇರೆಯೇ ವರ್ಗವಿದೆ. ಸಿಹಿಗುಂಬಳದ ತಿರುಳು, ಪಿಷ್ಟ, ಬಣ್ಣ ಇವುಗಳಿಂದ ಮಾಡಿದ ಸಾಸುಗಳು ಕಾಂಟಿನೆಂಟಲ್ ಸಾಸ್, ಸ್ನ್ಯಾಕ್ ಸಾಸ್ ಮುಂತಾದ ಹೆಸರಿನಲ್ಲಿ ದೊಡ್ಡ ಡಬ್ಬಗಳಲ್ಲಿ ಬರುವುದುಂಟು. ಸಿಹಿಗುಂಬಳ ವಿಷವೇನಲ್ಲ, ಅದನ್ನು ಬೆಳೆಯುವವರೂ ನಾವೇ. ಆದರೆ ಟೊಮ್ಯಾಟೊ ಎಂದು ನಂಬಿ ಕುಂಬಳಕ್ಕೆ ಹಣ ಕೊಡುವುದು ಯಾವ ನ್ಯಾಯ?

ಹಿಂಬದಿಯ ಅಕ್ಷರ

ಪ್ಯಾಕೆಟ್ ಆಹಾರದ ಮೇಲೆ ಅದರಲ್ಲಿ ಸೇರಿರುವ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬುದು ಕಾನೂನು. ಯಾವುದು ಹೆಚ್ಚು ತೂಕದಷ್ಟು ಸೇರಿದೆಯೋ ಅದು ಮೊದಲು. ಈ ಒಂದು ಸಂಗತಿಯನ್ನು ತಿಳಿದರೆ ಅರ್ಧ ಕೆಲಸ ಆದಂತೆ. ಮೊದಲ ಪದ ಟೊಮ್ಯಾಟೊ ಅಥವಾ ಟೊಮ್ಯಾಟೊ ಪೇಸ್ಟ್ ಆಗಿದ್ದರೆ ಒಳ್ಳೆಯದು. ಮೊದಲು ನೀರು, ಆಮೇಲೆ ಸಕ್ಕರೆ, ಅದಾದ ಮೇಲೆ ಟೊಮ್ಯಾಟೊ ಪೇಸ್ಟ್ ಎಂದಿದ್ದರೆ ಅದು ಏನೆಂಬುದನ್ನು ತಾವೇ ಊಹಿಸಬಹುದು. ಆದರೆ ಪೇಸ್ಟು ಆರು ಪಾಲು ಹಣ್ಣಿನ ಸಾರವಾದ್ದರಿಂದ, ಬರೇ ನೀರು ಮೊದಲಿಗೆ ಬಂದಿದೆಯೆಂಬ ಕಾರಣಕ್ಕೆ ಸೀಸೆಯನ್ನು ತಿರಸ್ಕರಿಸಬಾರದು. ಪೇಸ್ಟಿನ ಪಕ್ಕದಲ್ಲಿ ಶೇಕಡ ಎಷ್ಟೆಂದು ಅನೇಕ ತಯಾರಕರು ಅಚ್ಚು ಹಾಕಿಸುತ್ತಾರೆ. ಆ ಅಂಕಿಯನ್ನು ಹೋಲಿಸಿ ನೋಡುವುದೇ ಸರಿಯಾದ ಮಾರ್ಗ. ಅಂಕಿಯನ್ನೇ ಹಾಕದವನಿಗಿಂತ ಹಾಕಿದವನನ್ನು ನಾನು ಹೆಚ್ಚು ನಂಬುತ್ತೇನೆ.

ಇನ್ನೊಂದು ಚೌಕದಲ್ಲಿ ನೂರು ಗ್ರಾಮಿಗೆ ಸಕ್ಕರೆ ಎಷ್ಟು, ಹೊರಗಿನಿಂದ ಸೇರಿಸಿದ ಸಕ್ಕರೆ ಎಷ್ಟು, ಸೋಡಿಯಂ ಎಷ್ಟು ಎಂದು ಇರುತ್ತದೆ. ಅನೇಕ ಕೆಚಪ್ಪುಗಳಲ್ಲಿ ಸಕ್ಕರೆ ನೂರು ಗ್ರಾಮಿಗೆ 20ರಿಂದ 30 ಗ್ರಾಮಿನಷ್ಟಿರುತ್ತದೆ. ಮಗುವಿನ ತಟ್ಟೆಗೆ ಒಂದು ದೊಡ್ಡ ಚಮಚ ಸಾಸ್ ಹಾಕಿದರೆ ಅದರಲ್ಲಿ ಸುಮಾರು ಒಂದು ಚಹಾ ಚಮಚದಷ್ಟು ಸಕ್ಕರೆ ಸೇರಿದಂತಾಯಿತು. ಸೋಡಿಯಂ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಪ್ರಮಾಣ ಸಿಗುತ್ತದೆ. ಸೋಡಿಯಂ 1000 ಮಿಲಿಗ್ರಾಂ ಎಂದರೆ ಉಪ್ಪು ಎರಡೂವರೆ ಗ್ರಾಂ. ರಕ್ತದೊತ್ತಡ, ಸಕ್ಕರೆ ಕಾಯಿಲೆ ಹಳ್ಳಿಗಳಿಗೂ ಬಂದಿರುವ ಈ ದಿನಗಳಲ್ಲಿ ಮನೆಯ ಹಿರಿಯರ ದೃಷ್ಟಿಯಿಂದಲಾದರೂ ಇದನ್ನು ನೋಡತಕ್ಕದ್ದು.

ಗಟ್ಟಿತನಕ್ಕಾಗಿ ಕೆಲವರು ಮಾರ್ಪಡಿಸಿದ ಪಿಷ್ಟ ಅಥವಾ ಜಾಂಥನ್ ಗೋಂದನ್ನು ಸೇರಿಸುತ್ತಾರೆ. ಇವಕ್ಕೆ 1422, 415 ಎಂಬ ಸಂಖ್ಯೆಗಳಿವೆ. ಕೆಡದಂತೆ ಇಡಲು ಬಳಸುವ ಸೋಡಿಯಂ ಬೆಂಜೋಯೇಟಿನ ಸಂಖ್ಯೆ 211. ಇವೆಲ್ಲ ಮಿತಿಯೊಳಗೆ ಒಪ್ಪಿಗೆಯಾದವುಗಳೇ. ಆದರೂ ಟೊಮ್ಯಾಟೊ ಸಾಕಷ್ಟು ಇದ್ದಲ್ಲಿ ಗಟ್ಟಿತನಕ್ಕೆ ಪಿಷ್ಟದ ಆಸರೆ ಅಷ್ಟಾಗಿ ಬೇಕಾಗುವುದಿಲ್ಲ. ಪಾಕ ಸರಿಯಾಗಿ ಬಂದ ಬೆಲ್ಲಕ್ಕೆ ಬೇರೆ ಉಪಾಯ ಬೇಡವೆಂಬುದು ಆಲೆಮನೆ ನಡೆಸುವವರಿಗೆ ಗೊತ್ತಿರುವುದೇ. ಸಂಶಯ ಬಂದರೆ ಮನೆಯಲ್ಲಿಯೇ ಒಂದು ಪರೀಕ್ಷೆ ಮಾಡಬಹುದು. ಒಂದು ಚಮಚ ಸಾಸಿಗೆ ನಾಲ್ಕು ಚಮಚ ನೀರು ಬೆರೆಸಿ, ಗಾಯಕ್ಕೆ ಹಚ್ಚುವ ಟಿಂಚರ್ ಅಯೋಡಿನ್ನಿನ ಕೆಲವು ಹನಿ ಬಿಡಬೇಕು. ಮೊದಲ ಒಂದೆರಡು ಹನಿಯ ಬಣ್ಣ ಮಾಯವಾದರೆ ಗಾಬರಿ ಬೇಡ, ಅದು ಹಣ್ಣಿನ ಸಿ ಜೀವಸತ್ವದ ಕೆಲಸ. ಆಮೇಲೂ ಕಡು ನೀಲಿ ಬಣ್ಣ ಬಂದರೆ ಪಿಷ್ಟವಿದೆ ಎಂದು ಅರ್ಥ. ಹಿಂಬದಿಯಲ್ಲಿ ಪಿಷ್ಟವೆಂದು ಬರೆದಿದ್ದರೆ ಅವನು ನಿಜ ಹೇಳಿದ್ದಾನೆ. ಬರೆಯದೆ ಇದ್ದರೆ ಇನ್ನೊಮ್ಮೆ ಆ ಸೀಸೆಯನ್ನು ಮುಟ್ಟಬಾರದು. ಪರೀಕ್ಷೆ ಮಾಡಿದ ಸಾಸನ್ನು ಚೆಲ್ಲಿಬಿಡಬೇಕು.

ಪಾಸ್ತಾ ಸಾಸಿನ ಭರಣಿ

ಪಾಸ್ತಾ ಎಂಬುದು ಇಟಲಿಯವರ ಗೋಧಿಯ ಶಾವಿಗೆ ಎನ್ನಬಹುದು. ಅದರ ಮೇಲೆ ಸುರಿಯುವ ಟೊಮ್ಯಾಟೊ ಗೊಜ್ಜೇ ಪಾಸ್ತಾ ಸಾಸ್. ಬೆಂಗಳೂರಿನಲ್ಲಿ ಓದುವ ಮಕ್ಕಳು ರಜಕ್ಕೆ ಬಂದಾಗ ಇದನ್ನು ಕೇಳುವುದು ಈಗ ಸಾಮಾನ್ಯವಾಗಿದೆ. ಕೆಚಪ್ಪಿಗೂ ಇದಕ್ಕೂ ಅಜಗಜಾಂತರವಿದೆ. ಕೆಚಪ್ಪು ನೆಂಜಿಕೊಳ್ಳುವ ಪದಾರ್ಥ, ಸಿಹಿ ಹುಳಿ ಎರಡೂ ಜೋರು. ಪಾಸ್ತಾ ಸಾಸ್ ಊಟದ ಮುಖ್ಯ ಭಾಗ. ಒಬ್ಬರಿಗೆ ಒಂದು ಸೌಟಾದರೂ ಬೇಕು. ಹೀಗಾಗಿ ಅದರಲ್ಲಿ ಸಕ್ಕರೆ ಕಡಿಮೆ ಇರಬೇಕು, ಹಣ್ಣು ಹೆಚ್ಚಿರಬೇಕು.

ಒಳ್ಳೆಯ ಭರಣಿಯಲ್ಲಿ ಮೊದಲ ಪದ ಟೊಮ್ಯಾಟೊ. ಹಣ್ಣಿನ ತುಂಡು, ತಿರುಳು ಇಲ್ಲವೆ ಪ್ಯೂರಿ ಯಾವುದಾದರೂ ಸರಿ, ಎಲ್ಲವೂ ಕೂಡಿ ಮುಕ್ಕಾಲು ಪಾಲಿಗೆ ಮೇಲ್ಪಟ್ಟಿದ್ದರೆ ಉತ್ತಮ. ಆಮೇಲೆ ಈರುಳ್ಳಿ, ಬೆಳ್ಳುಳ್ಳಿ, ಎಣ್ಣೆ, ಉಪ್ಪು, ಕಾಮಕಸ್ತೂರಿಯ ಜಾತಿಗೆ ಸೇರಿದ ತುಳಸಿ ಎಲೆ. ಪಟ್ಟಿ ಅಷ್ಟಕ್ಕೇ ಮುಗಿದರೆ ಸಂತೋಷ. ಎಣ್ಣೆಯ ಹೆಸರನ್ನು ಗಮನಿಸಬೇಕು. ಮುಂಬದಿಯಲ್ಲಿ ಆಲಿವ್ ಕೊಂಬೆಯ ಚಿತ್ರ ಹಾಕಿ, ಹಿಂಬದಿಯಲ್ಲಿ ಸೂರ್ಯಕಾಂತಿ ಎಣ್ಣೆಯನ್ನು ಮೊದಲು ಬರೆದು ಆಲಿವ್ ಎಣ್ಣೆಯನ್ನು ಶೇಕಡ ಒಂದಕ್ಕೆ ಇಳಿಸಿರುವುದು ಸಾಧ್ಯ. ಸೂರ್ಯಕಾಂತಿ ಎಣ್ಣೆ ಕೆಟ್ಟದ್ದಲ್ಲ. ಕೊಟ್ಟ ಬೆಲೆ ಯಾವ ಎಣ್ಣೆಯದು ಎಂಬುದಷ್ಟೇ ಪ್ರಶ್ನೆ. ಟೊಮ್ಯಾಟೊ ಹಣ್ಣಿನಲ್ಲಿಯೇ ನೂರು ಗ್ರಾಮಿಗೆ ಮೂರು ಗ್ರಾಮಿನಷ್ಟು ಸಹಜ ಸಕ್ಕರೆ ಇರುತ್ತದೆ. ಆದ್ದರಿಂದ ಭರಣಿಯ ಒಟ್ಟು ಸಕ್ಕರೆ ನಾಲ್ಕೈದು ಗ್ರಾಂ ಇದ್ದರೆ ಅದು ಹಣ್ಣಿನದೇ. ಎಂಟು ಹತ್ತಕ್ಕೆ ಏರಿದರೆ ಚೀಲದ ಸಕ್ಕರೆ ಸೇರಿರುವುದರಲ್ಲಿ ಹೆಚ್ಚು ಸಂಶಯವಿಲ್ಲ. 'ಸೇರಿಸಿದ ಸಕ್ಕರೆ' ಎಂಬ ಸಾಲು ಅದನ್ನು ಖಚಿತಪಡಿಸುತ್ತದೆ.

ಗಾಜಿನ ಭರಣಿಯ ಲೋಹದ ಮುಚ್ಚಳದ ನಡುಭಾಗ ಒಳಕ್ಕೆ ತಗ್ಗಿರಬೇಕು. ಬೆರಳಿನಿಂದ ಒತ್ತಿದಾಗ ಟಕ್ ಎಂದು ಒಳಹೋಗಿ ಮತ್ತೆ ಮೇಲೇಳುವುದಾದರೆ ಒಳಗೆ ಗಾಳಿ ಸೇರಿದೆ ಎಂದು ತಿಳಿದು ಅಲ್ಲಿಯೇ ಬಿಟ್ಟು ಬರಬೇಕು. ಮೇಲ್ಭಾಗ ಕಂದು ತಿರುಗಿರುವ ಸೀಸೆಯೂ ಬೇಡ. ಹಳತಾಗಿದೆ ಅಥವಾ ಬಿಸಿಲಿನಲ್ಲಿ ನಿಂತಿದೆ. ಸಂರಕ್ಷಕ ಹಾಕದ ಪಾಸ್ತಾ ಸಾಸು ತೆರೆದ ಮೇಲೆ ಬೇಗ ಬೂಷ್ಟು ಹಿಡಿಯುತ್ತದೆ. ಫ್ರಿಜ್ಜಿನಲ್ಲಿಟ್ಟು ನಾಲ್ಕೈದು ದಿನದೊಳಗೆ ಮುಗಿಸಬೇಕು. ಫ್ರಿಜ್ಜಿಲ್ಲದ ಮನೆಗೆ ಚಿಕ್ಕ ಭರಣಿಯೇ ಯೋಗ್ಯ.

ಇಟಲಿಯ ಒಂದು ಪದ್ಧತಿಯನ್ನು ಇಲ್ಲಿ ಹೇಳಲೇಬೇಕು. ಸೋಸಿದ ಟೊಮ್ಯಾಟೊ ತಿರುಳಿಗೆ ಅಲ್ಲಿ ಪಸ್ಸಾತಾ ಎನ್ನುತ್ತಾರೆ. 2005ರಲ್ಲಿ ಅಲ್ಲಿನ ಸರ್ಕಾರ, ತಾಜಾ ಹಣ್ಣಿನಿಂದ ನೇರವಾಗಿ ಮಾಡಿದುದಕ್ಕೆ ಮಾತ್ರ ಆ ಹೆಸರು ಸಲ್ಲತಕ್ಕದ್ದು, ಪೇಸ್ಟಿಗೆ ನೀರು ಬೆರೆಸಿ ಮಾಡಿದುದಕ್ಕೆ ಸಲ್ಲದು ಎಂದು ಆದೇಶ ಹೊರಡಿಸಿತು. ಚೀನಾ ದೇಶದಿಂದ ಪೀಪಾಯಿಗಟ್ಟಲೆ ಪೇಸ್ಟು ಜಗತ್ತಿನ ಮಾರುಕಟ್ಟೆಗೆ ಬರುತ್ತಿರುವ ಕಾಲದಲ್ಲಿ, ಒಂದು ಹೆಸರನ್ನು ಬಿಗಿ ಮಾಡಿ ತಮ್ಮ ಬೆಳೆಗಾರನ ಹಣ್ಣಿಗೆ ಜಾಗ ಉಳಿಸಿಕೊಂಡರು. ನಮ್ಮ 25ರ ನಿಯಮದಲ್ಲಿಯೂ ಟೊಮ್ಯಾಟೊದಿಂದಲೇ ಬರಬೇಕಾದ ಪಾಲು ಇಷ್ಟು ಎಂಬ ಒಂದು ಸಾಲು ಸೇರಬೇಕೆಂದು ನನ್ನ ಒತ್ತಾಯ.

ನಮಗೇನು ಲಾಭ?

'ಯಾವನೋ ಕಾರ್ಖಾನೆಯವನು ಎಲ್ಲಿಂದಲೋ ಪೇಸ್ಟು ತಂದು ಮಾಡುತ್ತಾನೆ, ನಮ್ಮ ಹಣ್ಣಿಗೂ ಅದಕ್ಕೂ ಏನು ಸಂಬಂಧ?' ಎಂದು ರೈತ ಬಾಂಧವರು ಕೇಳಬಹುದು. ಕೇಳುವುದು ಸಹಜ. ನಮ್ಮ ಕೊಳವೆಬಾವಿ ಜಮೀನುಗಳಲ್ಲಿ ಬೆಳೆಯುವ ಸಂಕರಣ ತಳಿಗಳು ಹೆಚ್ಚಾಗಿ ದೂರದ ಸಾಗಾಣಿಕೆಗೆ ತಕ್ಕ ದಪ್ಪ ಸಿಪ್ಪೆಯವು. ಕಾರ್ಖಾನೆಗೆ ಬೇಕಾದುದು ಒಳಗಿನವರೆಗೆ ಕೆಂಪಾದ, ಬ್ರಿಕ್ಸ್ ಹೆಚ್ಚಿರುವ ಹಣ್ಣು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಅರ್ಕಾ ಆಹುತಿ, ಅರ್ಕಾ ಆಶಿಶ್‌ನಂತಹ ತಳಿಗಳನ್ನು ಸಂಸ್ಕರಣೆಗೆಂದೇ ಕೊಟ್ಟರು. ಅವರದೇ ಅರ್ಕಾ ರಕ್ಷಕ್ ಎಂಬ ಸಂಕರಣ ತಳಿ ಮಾರುಕಟ್ಟೆಗೂ ಸಂಸ್ಕರಣೆಗೂ ಆಗುತ್ತದೆ. ಆದರೆ ಕೊಳ್ಳುವವನು ಹಣ್ಣಿನ ಪಾಲನ್ನು ಕೇಳದೆ ಇದ್ದರೆ ಕಾರ್ಖಾನೆಯವನು ಅಂಥ ಹಣ್ಣನ್ನು ಏಕೆ ಕೇಳಬೇಕು?

ಬೆಲ್ಲದ ಕತೆಯನ್ನೇ ನೆನೆಯಿರಿ. ಮಂಡ್ಯದ ಬೆಲ್ಲಕ್ಕೆ ಹೆಸರಿದೆ. ಪೇಟೆಯವರು ಹೊಂಬಣ್ಣದ ಬೆಲ್ಲವೇ ಶ್ರೇಷ್ಠ ಎಂದು ನಂಬಿ ಅದಕ್ಕೇ ಹೆಚ್ಚು ಬೆಲೆ ಕೊಟ್ಟರು. ಅದರ ಫಲವಾಗಿ ಕೊಪ್ಪರಿಗೆಗೆ ಹೈಡ್ರೋಸ್ ಬಿತ್ತು. ಏನನ್ನೂ ಬೆರೆಸದ ಕಂದು ಬೆಲ್ಲ ಮಾಡಿದವನ ಅಚ್ಚುಗಳು ಮಂಡಿಯಲ್ಲಿ ಹಿಂದೆ ಉಳಿದವು. ಈಗ ಅದೇ ಪೇಟೆಯವರು ರಾಸಾಯನಿಕವಿಲ್ಲದ ಕಂದು ಬೆಲ್ಲಕ್ಕೆ ಹುಡುಕಾಡುತ್ತಿದ್ದಾರೆ, ಹೆಚ್ಚು ಬೆಲೆಯನ್ನೂ ಕೊಡುತ್ತಿದ್ದಾರೆ. ಈ ತಪ್ಪಿನಲ್ಲಿ ಆಲೆಮನೆಯವನ ಪಾಲೆಷ್ಟೋ ಬಣ್ಣ ನೋಡಿ ಕೊಂಡವನ ಪಾಲೂ ಅಷ್ಟೇ. ಸಾಸಿನಲ್ಲಿ ಕೊಳ್ಳುವವರು ನಾವು. ಅಂದು ಪೇಟೆಯವರು ನಮಗೆ ಮಾಡಿದುದನ್ನೇ ಇಂದು ನಾವು ಇನ್ನೊಬ್ಬ ಬೆಳೆಗಾರನಿಗೆ ಮಾಡುತ್ತಿದ್ದೇವೆ.

2023ರ ಜುಲೈ ತಿಂಗಳಿನಲ್ಲಿ ಟೊಮ್ಯಾಟೊ ಚಿಲ್ಲರೆ ಬೆಲೆ ಕಿಲೋಗೆ ನೂರು ರೂಪಾಯಿ ದಾಟಿದಾಗ ದೇಶವೇ ಅದರ ಮಾತನಾಡಿತು. ಎರಡು ತಿಂಗಳು ಕಳೆಯುವುದರೊಳಗೆ ಬೆಲೆ ಕುಸಿದು ಬಿತ್ತು. ಹಣ್ಣನ್ನು ಹೆಚ್ಚು ದಿನ ಇಡುವಂತಿಲ್ಲ, ಪೇಸ್ಟನ್ನು ಇಡಬಹುದು. ಬೆಲೆಯ ಈ ಏರಿಳಿತಕ್ಕೆ ಸಂಸ್ಕರಣೆಯೇ ಒಂದು ಒಡ್ಡು. 2020ರಲ್ಲಿ ಆರಂಭವಾದ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ಜಿಲ್ಲೆಗೊಂದು ಉತ್ಪನ್ನವೆಂದು ಕೋಲಾರಕ್ಕೆ ಟೊಮ್ಯಾಟೊವನ್ನೂ, ಮಂಡ್ಯಕ್ಕೆ ಬೆಲ್ಲವನ್ನೂ ಆರಿಸಿದರು. ಸಾಸ್ ಮಾಡುವ ವಿದ್ಯೆಗೂ ನಾವು ದೂರ ಹೋಗಬೇಕಾದುದಿಲ್ಲ. 1950ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ಮೈಸೂರಿನಲ್ಲಿಯೇ ಇದೆ. ನಮ್ಮ ಮಹಿಳಾ ಸಂಘವೊಂದು ಮನಸ್ಸು ಮಾಡಿ, ಹಣ್ಣನ್ನು ಧಾರಾಳವಾಗಿ ಹಾಕಿ ಸಾಸು ತಯಾರಿಸಿತೆನ್ನಿ. ಅದರ ಬೆಲೆ ಸಕ್ಕರೆ ನೀರಿನ ಸಾಸಿಗಿಂತ ಸ್ವಲ್ಪ ಹೆಚ್ಚೇ ಆಗುತ್ತದೆ. ಹಿಂಬದಿ ಓದದ ಗಿರಾಕಿ ಅಗ್ಗದ್ದನ್ನೇ ಒಯ್ಯುತ್ತಾನೆ, ಸಂಘ ಒಂದೇ ವರ್ಷಕ್ಕೆ ಬಾಗಿಲು ಹಾಕುತ್ತದೆ. ಒಲೆ, ಸಾಲ, ತರಬೇತಿ ಇವೆಲ್ಲ ಸಿಕ್ಕರೂ ಓದಿ ಕೊಳ್ಳುವ ಗಿರಾಕಿ ಸಿಗದಿದ್ದರೆ ಪ್ರಯೋಜನವಿಲ್ಲ.

ಇಲ್ಲಿ ಒಂದು ದೊಡ್ಡ ಅಡಚಣೆ ಇದೆ. ಹಿಂಬದಿಯ ವಿವರವನ್ನು ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿ ಬರೆದರೆ ಸಾಕೆಂದು ಕೇಂದ್ರದ ಆಹಾರ ನಿಯಮವಿದೆ. ಬೇರೆ ಭಾಷೆಯನ್ನು ಜೊತೆಗೆ ಸೇರಿಸಬಹುದು, ಆದರೆ ಆ ನಿಯಮ ಅದನ್ನು ಕಡ್ಡಾಯ ಮಾಡುವುದಿಲ್ಲ. ಜಾಹೀರಾತಿನ ಮಾತನ್ನು ಕನ್ನಡದಲ್ಲಿ ಆಡಿ, ಸಕ್ಕರೆಯ ಲೆಕ್ಕವನ್ನು ಸಾಸಿವೆ ಗಾತ್ರದ ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದು ಸರಿಯಲ್ಲ. ಕನ್ನಡ ನಾಡಿನಲ್ಲಿ ಮಾರುವ ಆಹಾರದ ಪದಾರ್ಥಪಟ್ಟಿ ಕನ್ನಡದಲ್ಲಿಯೂ ಇರಬೇಕೆಂದು ರೈತ ಸಂಘಟನೆಗಳು, ಸಹಕಾರ ಸಂಘಗಳು ಕೇಳಬೇಕು. ಗೊಬ್ಬರದ ಚೀಲದ ಮೇಲಿನ ಸಾರಜನಕ, ರಂಜಕ, ಪೊಟ್ಯಾಷಿನ ಅಂಕಿಗಳನ್ನು ಓದುವುದನ್ನು ನಾವು ಕಲಿತಿಲ್ಲವೆ?

ಅದು ಆಗುವವರೆಗೆ ಗುರುತಿಟ್ಟುಕೊಳ್ಳಬೇಕಾದ ಪದಗಳು ಐದಾರು ಮಾತ್ರ: ವಾಟರ್ ಎಂದರೆ ನೀರು, ಶುಗರ್ ಎಂದರೆ ಸಕ್ಕರೆ, ಸ್ಟಾರ್ಚ್ ಎಂದರೆ ಪಿಷ್ಟ, ಆಡೆಡ್ ಶುಗರ್ಸ್ ಎಂದರೆ ಹೊರಗಿನಿಂದ ಸೇರಿಸಿದ ಸಕ್ಕರೆ, ಪ್ರಿಸರ್ವೇಟಿವ್ ಎಂದರೆ ಸಂರಕ್ಷಕ. ಟೊಮ್ಯಾಟೊವಿಗೆ ಅನುವಾದ ಬೇಡ. ಹೈಸ್ಕೂಲಿಗೆ ಹೋಗುವ ಮಗಳನ್ನೋ ಮಗನನ್ನೋ ಅಂಗಡಿಗೆ ಜೊತೆಯಲ್ಲಿ ಕರೆದೊಯ್ದರೆ ಓದಿ ಹೇಳುತ್ತಾರೆ. ಅಂಕಿಗಳನ್ನಂತೂ ಯಾರು ಬೇಕಾದರೂ ಓದಬಹುದು. ಗ್ರಾಮಿಗೆ ಎಷ್ಟು ಪೈಸೆ ಎಂಬ ಬೆಲೆಯೂ ಈಗ ಅಚ್ಚಾಗಿರುತ್ತದೆ. ಉಚಿತ ಸೀಸೆಯ ಆಸೆಗೆ ಬೀಳುವ ಮೊದಲು ಅದನ್ನು ನೋಡಬೇಕು. ಹದಿನಾಲ್ಕು ಅಂಕಿಯ ಲೈಸೆನ್ಸ್ ಸಂಖ್ಯೆ ಇಲ್ಲದ ಸೀಸೆಯನ್ನು ಕೈಯಲ್ಲಿ ಹಿಡಿಯುವುದೇ ಬೇಡ. ಟೊಮ್ಯಾಟೊ ಶೇಕಡ ಎಷ್ಟೆಂದು ಬರೆದಿರುವ ಸೀಸೆ ಅಂಗಡಿಯಲ್ಲಿ ಇಲ್ಲದಿದ್ದರೆ, ಅಂಥದ್ದನ್ನು ತರಿಸಿಕೊಡಿ ಎಂದು ಅಂಗಡಿಯವರಿಗೆ ಹೇಳಿ ಬರಬೇಕು.